ಬಾಟಲಿಯೊಳಗಿನ ಕರ್ಣಕವಚ

ಕಾರು ಕೊಂಡ ಹೆಂಗಸಿಗೆ ನಮ್ಮ ಸಮಾಜದಲ್ಲಿ ಎಷ್ಟು ಬೆಲೆಯಿದೆ ಎಂದು ತಿಳಿಯಬೇಕಾದರೆ ಅವಳು ಶೋರೂಮಿನ ಕುರ್ಚಿಯಲ್ಲಿ ಹತ್ತು ನಿಮಿಷ ಒಬ್ಬಳೇ ಕುಳಿತು ನೋಡಬೇಕು. ನಾನು ಕುಳಿತಿದ್ದೆ. ಶಿಕ್ಷಕರ ಸೊಸೈಟಿಯಲ್ಲಿ ಅರ್ಧ ಸಾಲ, ಬ್ಯಾಂಕಿನಲ್ಲಿ ಅರ್ಧ ಸಾಲ ಮಾಡಿ ನನ್ನ ಹೆಸರಿಗೇ ಬರೆಸಿಕೊಂಡ ಕಡುಗೆಂಪು ಬಣ್ಣದ ಸಣ್ಣ ಕಾರು ಗಾಜಿನಾಚೆ ಸೇವಂತಿಗೆ ಹಾರ ಹಾಕಿಸಿಕೊಂಡು ನಿಂತಿತ್ತು. ಕೀಲಿಕೈ ಕೊಡುವ ಮೊದಲು ಟೈ ಕಟ್ಟಿದ ಹುಡುಗನೊಬ್ಬ ಬಣ್ಣದ ಹಾಳೆಯೊಂದನ್ನು ನನ್ನ ಮುಂದಿಟ್ಟ.

"ಮೇಡಂ, ಸೆರಾಮಿಕ್ ಕೋಟಿಂಗ್ ಮಾಡಿಸಿಬಿಡಿ. ಇಪ್ಪತ್ತೆರಡು ಸಾವಿರ, ಜಿಎಸ್‌ಟಿ ಬೇರೆ. ಇಲ್ಲಾಂದ್ರೆ ನಮ್ಮೂರಿನ ಬಿಸಿಲಿಗೆ ಒಂದೇ ವರ್ಷಕ್ಕೆ ಪೇಂಟ್ ಹೋಗ್ಬಿಡುತ್ತೆ."

"ಹೋಗುತ್ತೆ ಅಂದ್ರೆ ಎಲ್ಲಿಗೆ ಹೋಗುತ್ತಪ್ಪ?" ಎಂದೆ.

ಅವನಿಗೆ ನಗು ಬರಲಿಲ್ಲ. "ಮಂಕಾಗುತ್ತೆ ಮೇಡಂ, ಗೀರು ಬೀಳುತ್ತೆ."

"ಇದನ್ನ ಹಾಕಿಸಿದ್ರೆ ಗೀರು ಬೀಳಲ್ವಾ?"

"ನೈನ್ ಎಚ್ ಮೇಡಂ! ವಜ್ರದ ಹತ್ತಿರ ಹತ್ತಿರ."

"ನೈನ್ ಎಚ್ ಅಂದ್ರೆ ಏನು?"

ಹುಡುಗ ಹಾಳೆಯನ್ನು ಮಡಚಿದ. "ಸರ್ ಒಳಗೆ ಬರಲಿ ಬಿಡಿ ಮೇಡಂ, ಅವರಿಗೆ ಹೇಳ್ತೀನಿ."

ಆ 'ಸರ್' ಹೊರಗೆ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವ ಕೆಲಸದಲ್ಲಿದ್ದರು. ಅವರಿಗೆ ಕಾರು ಓಡಿಸಲು ಬರುವುದಿಲ್ಲ.

ಹಾಳೆಯನ್ನು ಕೇಳಿ ಪಡೆದು ಮನೆಗೆ ತಂದೆ. ಅಲ್ಲಿ ನನ್ನ ವಿರುದ್ಧ ಬಹುಮತ ಸಿದ್ಧವಾಗಿತ್ತು. ಬೆಂಗಳೂರಿನಿಂದ ಮಗ, "ಅಮ್ಮಾ, ಎಲ್ರೂ ಮಾಡಿಸ್ತಾರೆ, ನೀನ್ಯಾಕೆ ಪೈಸೆ ಲೆಕ್ಕ ಹಾಕ್ತೀಯ?" ಎಂದ. ಮೈದುನ, "ಅತ್ತಿಗೆ, ಲಕ್ಷಗಟ್ಟಲೆ ಕೊಟ್ಟೋರು ಇಷ್ಟಕ್ಕೆ ಹಿಂದೆಮುಂದೆ ನೋಡೋದಾ?" ಎಂದ. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ, "ನಿನ್ನ ಕಾರು, ನಿನ್ನಿಷ್ಟ" ಎಂದರು. ಈ ಮಾತಿನ ಒಳಾರ್ಥ ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇದೇ ಮನೆಯಲ್ಲಿ, ಅಡುಗೆಮನೆಯ ಕಟ್ಟೆ ತಗ್ಗಾಗಿದೆ, ಬಗ್ಗಿ ಬಗ್ಗಿ ನನ್ನ ಬೆನ್ನು ಹೋಯಿತು, ಒಡೆಸಿ ಎತ್ತರ ಮಾಡಿಸೋಣ ಎಂದು ನಾನು ಹೇಳಲು ತೊಡಗಿ ಒಂಬತ್ತು ವರ್ಷವಾಗಿತ್ತು. ಗಾರೆಯವನು ಕೊಟ್ಟ ಅಂದಾಜು ಕೂಡ ಹೆಚ್ಚುಕಡಿಮೆ ಈ ಹಾಳೆಯ ಮೇಲಿನ ಮೊತ್ತವೇ. ಆಗ ಮಾತ್ರ ಮನೆಮಂದಿಯೆಲ್ಲ ಲೆಕ್ಕ ಹಾಕಿದ್ದರು. ನನ್ನ ಬೆನ್ನಿಗಿಲ್ಲದ ಕವಚ ಕಾರಿನ ಬೆನ್ನಿಗೆ ಒಂದೇ ಸಂಜೆಯಲ್ಲಿ ಮಂಜೂರಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಹೊಟ್ಟೆಯುರಿಯಿಂದಲೇ ನಾನು ಈ ವಿಚಾರವನ್ನು ಕೆದಕತೊಡಗಿದ್ದು, ಮುಚ್ಚಿಡುವುದೇಕೆ?

ನನ್ನ ತಕರಾರು ಇಷ್ಟೆ. ಕಾರಿಗೆ ರಕ್ಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ಸಾಲ ತೀರುವ ತನಕವಾದರೂ ಅದು ಚೆನ್ನಾಗಿರಬೇಕು. ಆದರೆ ತೊಳೆದ ಮೇಲೆ ಸಿಂಪಡಿಸಿ ಒರೆಸುವ, ಐದಾರು ನೂರು ರೂಪಾಯಿಯ ಬಾಟಲಿ ನಮ್ಮಂಥವರ ಕಾರಿಗೆ ಬೇಕಾದಷ್ಟಾಯಿತು. ಅದನ್ನು ಆರಿಸಲು ಗಂಡಸಾಗಿ ಹುಟ್ಟಬೇಕಿಲ್ಲ, ಇಂಜಿನಿಯರಿಂಗ್ ಓದಬೇಕಿಲ್ಲ. ಅದಕ್ಕೂ ಮೇಲೆ ನಮಗೆ ಕಟ್ಟುವುದೆಲ್ಲ ಬಹುಪಾಲು ಹೆದರಿಕೆಯ ವ್ಯಾಪಾರ.

ಮೊದಲು ಆ ಹಾಳೆಯ ಭಾಷೆಯನ್ನೇ ನೋಡಿ. ಹೊಳಪು, ಕಾಂತಿ, ಬಿಸಿಲಿನಿಂದ ರಕ್ಷಣೆ, ವಯಸ್ಸು ಕಾಣದ ಮೈ, ನೋಡಿದವರು ತಿರುಗಿ ನೋಡಬೇಕು... ಇದನ್ನೆಲ್ಲೋ ಓದಿದ್ದೇನಲ್ಲ ಅನ್ನಿಸಿತು. ಎಲ್ಲಿ ಎಂದು ಹೊಳೆದಾಗ ಗಟ್ಟಿಯಾಗಿ ನಕ್ಕುಬಿಟ್ಟೆ. ಮುಖಕ್ಕೆ ಹಚ್ಚುವ ಕ್ರೀಮುಗಳ ಜಾಹೀರಾತಿನ ಭಾಷೆ ಇದು! ಹೆಣ್ಣುಮಕ್ಕಳ ಮೈಬಣ್ಣಕ್ಕೆ ಕುಂದು ಹುಡುಕುವ ಆ ಮಾತು ಇಂದಿನವರಿಗೂ ಕೇಳಲು ನಾಚಿಕೆಯಾಗಿ, 1975ರಿಂದ ಮಾರಾಟದಲ್ಲಿದ್ದ 'ಫೇರ್ ಅಂಡ್ ಲವ್ಲಿ' ಕೂಡ 2020ರಲ್ಲಿ ಹೆಸರು ಬದಲಿಸಿ 'ಗ್ಲೋ ಅಂಡ್ ಲವ್ಲಿ' ಆಯಿತು. ನಮ್ಮ ಚರ್ಮದಿಂದ ಓಡಿಸಲ್ಪಟ್ಟ ಮಾತುಗಳು ಕಾರಿನ ಚರ್ಮದ ಮೇಲೆ ಬಂದು ಕುಳಿತಿವೆ. ವ್ಯತ್ಯಾಸವೆಂದರೆ, ಅಂದು ಕ್ರೀಮು ಕೊಂಡ ಹುಡುಗಿಯರನ್ನು ನೋಡಿ ನಕ್ಕ ಗಂಡಸರೇ ಇಂದು ಹಾಳೆ ಹಿಡಿದುಕೊಂಡು ಗಂಭೀರವಾಗಿ ತಲೆಯಾಡಿಸುತ್ತಿದ್ದಾರೆ.

ಇನ್ನು ಆ 'ನೈನ್ ಎಚ್.' ನಾನು ಸಮಾಜ ವಿಜ್ಞಾನ ಕಲಿಸುವವಳು, ಇದು ನನ್ನ ವಿಷಯವಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ ಅವರನ್ನು ಕೇಳಿದೆ. ಅವರು ಎದುರಿಗಿದ್ದ ಡ್ರಾಯಿಂಗ್ ಮೇಷ್ಟ್ರ ಡಬ್ಬಿಯನ್ನು ತೋರಿಸಿ, "ಅದೇ ಕಣ್ರೀ, ಪೆನ್ಸಿಲ್ಲು!" ಎಂದರು. ನನಗೆ ನಂಬಲಾಗಲಿಲ್ಲ. ನಿಜವೇ. ನಾವು ಮಕ್ಕಳಿಗೆ ಕೊಡಿಸುವ ಎಚ್‌ಬಿ, 2ಬಿ ಪೆನ್ಸಿಲ್ಲುಗಳ ಸಾಲಿನಲ್ಲಿ ಒಂದು ತುದಿಗೆ ಮೆತ್ತನೆಯ 9ಬಿ, ಇನ್ನೊಂದು ತುದಿಗೆ ಗಟ್ಟಿಯಾದ 9ಎಚ್. ಬಣ್ಣದ ಪದರದ ಮೇಲೆ ಪೆನ್ಸಿಲ್ಲನ್ನು 45 ಡಿಗ್ರಿ ಓರೆಯಾಗಿ ಹಿಡಿದು ಒತ್ತಿ ತಳ್ಳುತ್ತಾರೆ. ಯಾವ ಪೆನ್ಸಿಲ್ಲಿಗೆ ಗೀರು ಬೀಳುವುದಿಲ್ಲವೋ ಅದು ಆ ಪದರದ ಅಂಕ. ಅಂದರೆ 9ಎಚ್ ಎಂಬುದಕ್ಕೆ ಅರ್ಥ, ಅತಿ ಗಟ್ಟಿಯಾದ ಪೆನ್ಸಿಲ್ಲಿನಿಂದ ಗೀಚಿದರೂ ಗೀರು ಬೀಳದು ಎಂದು. ವಜ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ವಜ್ರಕ್ಕೆ 10 ಅಂಕ ಕೊಡುವುದು ಬೇರೊಂದು ಅಳತೆ. ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞ 1812ರಲ್ಲಿ ಕಲ್ಲುಗಳಿಗಾಗಿ ಮಾಡಿದ್ದು. ಆ ಅಳತೆಯಲ್ಲಿ 9 ಎಂದರೆ ಮಾಣಿಕ್ಯ, ನೀಲಗಳ ಗಟ್ಟಿತನ. ಒಂಬತ್ತು ಅಲ್ಲೂ ಒಂಬತ್ತು, ಇಲ್ಲೂ ಒಂಬತ್ತು, ಕೇಳುವವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ. ನಮ್ಮ ಶಾಲೆಯ ಹುಡುಗ ನೂರಕ್ಕೆ 9 ಅಂಕ ತೆಗೆದು ಹತ್ತಕ್ಕೆ 9 ಬಂತೆಂದು ಮನೆಯಲ್ಲಿ ಹೇಳಿದರೆ ಕಿವಿ ಹಿಂಡುತ್ತೇವೆ. ಟೈ ಕಟ್ಟಿದ ಹುಡುಗ ಹೇಳಿದರೆ ಇಪ್ಪತ್ತೆರಡು ಸಾವಿರ ಕೊಡುತ್ತೇವೆ.

ಅದೇ ಮೋಸ್ ಅಳತೆಯಲ್ಲಿ ಬೆಣಚುಕಲ್ಲಿಗೆ 7. ನಮ್ಮ ಚಿತ್ರದುರ್ಗದ ಬಂಡೆಗಳಲ್ಲಿ ಬೆಣಚು ಧಾರಾಳವಾಗಿದೆ. ಬಂಡೆ ಸವೆದು ಹುಡಿಯಾಗಿ ಗಾಳಿಯಲ್ಲಿ ಬರುವ ಧೂಳಿನಲ್ಲೂ ಅದೇ ಇದೆ. ಅದು ಯಾವ ಪೆನ್ಸಿಲ್ಲಿಗಿಂತಲೂ ಗಟ್ಟಿ, ಕಾರಿನ ಮೈಗಿಂತಲೂ ಗಟ್ಟಿ. ಆ ಧೂಳು ಸುಮ್ಮನೆ ಕುಳಿತಿದ್ದರೆ ಏನೂ ಮಾಡದು. ಬೆಳಗ್ಗೆ ಕಾಫಿ ಕುಡಿದು, ಒಣ ಬಟ್ಟೆಯನ್ನೋ ಕೋಲಿಗೆ ಕಟ್ಟಿದ ಜುಂಗಿನ ಡಸ್ಟರನ್ನೋ ಹಿಡಿದು ಬಂದು, ಅಭಿಮಾನದಿಂದ ಗರಗರನೆ ಉಜ್ಜುತ್ತಾರಲ್ಲ ನಮ್ಮ ಗಂಡಸರು, ಆಗ ಅದು ಗೀರುತ್ತದೆ. ಸಂಜೆ ಬಿಸಿಲಿನಲ್ಲಿ ಕಾರಿನ ಬಾಗಿಲನ್ನು ಓರೆಯಾಗಿ ನೋಡಿ. ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ಕಾಣುತ್ತವೆ. ಬಿಸಿಲು ಮಾಡಿದ್ದಲ್ಲ ಅದು, ಪ್ರೀತಿ ಮಾಡಿದ್ದು. ಇದನ್ನು ತಡೆಯುವ ಕೋಟಿಂಗ್ ಇಪ್ಪತ್ತೆರಡು ಸಾವಿರಕ್ಕೂ ಇಲ್ಲ, ಐವತ್ತು ಸಾವಿರಕ್ಕೂ ಇಲ್ಲ.

ಹಾಗಾದರೆ ಕಾರಿನ ಮೈಮೇಲೆ ಇರುವುದಾದರೂ ಏನು? ತಗಡಿಗೆ ತುಕ್ಕು ಹಿಡಿಯದಂತೆ ಒಂದು ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ 'ಕ್ಲಿಯರ್ ಕೋಟ್' ಎಂಬ ಬಣ್ಣವಿಲ್ಲದ ಗಾಜಿನಂಥ ಪದರ. ಎಲ್ಲ ಸೇರಿ 100ರಿಂದ 150 ಮೈಕ್ರಾನ್, ಅಂದರೆ ಒಂದೆರಡು ತಲೆಗೂದಲಿನ ದಪ್ಪ. ಕ್ಲಿಯರ್ ಕೋಟ್ ಒಂದೇ 40-50 ಮೈಕ್ರಾನ್ ಇರುತ್ತದೆ. ಬಿಸಿಲನ್ನು ತಡೆಯುವ ರಾಸಾಯನಿಕವನ್ನು ಕಾರ್ಖಾನೆಯಲ್ಲೇ ಈ ಪದರಕ್ಕೆ ಬೆರೆಸಿರುತ್ತಾರೆ. ಕಾರು ಹುಟ್ಟುವಾಗಲೇ ಕರ್ಣನಂತೆ ಕವಚ ತೊಟ್ಟುಕೊಂಡು ಹುಟ್ಟಿರುತ್ತದೆ. 'ಒಂದೇ ವರ್ಷಕ್ಕೆ ಪೇಂಟ್ ಹೋಗುತ್ತೆ' ಎಂಬ ಮಾತು ಎಂಥ ಸುಳ್ಳು ಎಂದು ಇದರಿಂದಲೇ ತಿಳಿಯಬೇಕು. ನಾವು ಮೇಲಿನಿಂದ ಸಿಂಪಡಿಸುವುದು ಕವಚವನ್ನಲ್ಲ, ಕವಚಕ್ಕೆ ಹಚ್ಚುವ ಎಣ್ಣೆಯನ್ನು. ರೊಟ್ಟಿ ಹೆಂಚಿಗೆ ಎಣ್ಣೆ ಸವರಿಡುತ್ತೇವಲ್ಲ, ಹಾಗೆ. ಹಕ್ಕಿಯ ಹಿಕ್ಕೆ, ಮರದ ಅಂಟು, ರಸ್ತೆಯ ಕೊಳೆ ಗಟ್ಟಿಯಾಗಿ ಕಚ್ಚಿಕೊಳ್ಳಬಾರದು, ಮುಂದಿನ ಸಲ ತೊಳೆಯುವಾಗ ಉಜ್ಜದೆ ಜಾರಿಹೋಗಬೇಕು. ಅಷ್ಟೇ ಅದರ ಕೆಲಸ. ಅಷ್ಟು ಮಾಡಿದರೆ ದೊಡ್ಡ ಕೆಲಸವೇ, ಏಕೆಂದರೆ ಉಜ್ಜಿದಷ್ಟೂ ಗೀರು.

ಇದನ್ನೆಲ್ಲ ನನಗೆ ಕೈಹಿಡಿದು ತೋರಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಹಿಂದಿನ ಬೆಂಚಿನವನು, ಪರೀಕ್ಷೆಯಲ್ಲಿ ಭೂಪಟ ಕೊಟ್ಟು ಬ್ರೆಜಿಲ್ ಗುರುತಿಸು ಎಂದರೆ ಆಫ್ರಿಕದ ನಡುವೆ ಚುಕ್ಕೆ ಇಟ್ಟಿದ್ದವನು. ಈಗ ಹೆದ್ದಾರಿ ಪಕ್ಕದಲ್ಲಿ ಕಾರುಗಳಿಗೆ ಈ ಸೆರಾಮಿಕ್ ಹಚ್ಚುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಸಂತೆಯಲ್ಲಿ ಸಿಕ್ಕವನನ್ನು ನಿಲ್ಲಿಸಿ ಕೇಳಿದೆ. ಸುತ್ತ ನೋಡಿ ದನಿ ತಗ್ಗಿಸಿದ.

"ಮಿಸ್, ನಿಜ ಹೇಳ್ಲಾ? ಒಳ್ಳೇ ಸೆರಾಮಿಕ್ ಸುಳ್ಳಲ್ಲ. ಸರಿಯಾಗಿ ತೊಳೆದು, ಪಾಲಿಶ್ ಮಾಡಿ, ಧೂಳಿಲ್ಲದ ಕಡೆ ಹಚ್ಚಿದ್ರೆ ವರ್ಷಗಟ್ಲೆ ಇರುತ್ತೆ. ಆದ್ರೆ ಆರು ತಿಂಗಳಿಗೊಂದ್ಸಲ ಬಂದು ದುಡ್ಡು ಕೊಟ್ಟು ಮತ್ತೆ ಮಾಡಿಸ್ಕೋಬೇಕು, ಇಲ್ಲಾಂದ್ರೆ ವಾರಂಟಿ ಇಲ್ಲ. ಆ ಆರು ತಿಂಗಳಿಗೆ ನಾವು ಮಾಡೋದೇನು ಗೊತ್ತಾ? ತೊಳೆದು, ಮೇಲೆ ಸ್ಪ್ರೇ ಹೊಡೆದು ಒರೆಸಿ ಕಳಿಸೋದು. ಆ ಸ್ಪ್ರೇ ನೀವೇ ತಗೊಳ್ಳಿ."

ಮನೆಗೆ ಬಂದು ಹಾಳೆಯ ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದೆ. ಅಲ್ಲಿಯೂ ಅದೇ ಷರತ್ತು. ಗೀರಿಗೆ, ಕಲ್ಲು ಸಿಡಿದ ಗುರುತಿಗೆ, ನೀರಿನ ಕಲೆಗೆ ವಾರಂಟಿ ಅನ್ವಯಿಸದು ಎಂದೂ ಇತ್ತು. ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ಹೆದರಿಸಿದ್ದು ಇವೇ ಮೂರನ್ನು ಹೇಳಿ!

ಹಣವಿದ್ದವರು, ದಿನಕ್ಕೆ ನೂರಾರು ಮೈಲಿ ಓಡಾಡುವವರು, ಕಾರನ್ನು ಮಗುವಿನಂತೆ ಸಾಕುವವರು ಮಾಡಿಸಿಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ. ಶಾಲೆಗೆ, ಸಂತೆಗೆ, ತಿಂಗಳಿಗೊಮ್ಮೆ ತವರಿಗೆ ಹೋಗಿಬರುವ ನಮ್ಮ ಲೆಕ್ಕ ಬೇರೆ. ನಾನು ಹಾಕಿದ ಲೆಕ್ಕವನ್ನು ನೀವೂ ಹಾಕಿ ನೋಡಿ. 22,000ಕ್ಕೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರಿ 25,960. ಅರ್ಧ ಲೀಟರಿನ ಸ್ಪ್ರೇ ಬಾಟಲಿ 600 ರೂಪಾಯಿ ಎಂದಿಟ್ಟುಕೊಂಡರೆ ಈ ಹಣಕ್ಕೆ 43 ಬಾಟಲಿ. ಸಣ್ಣ ಕಾರಿಗೆ ಒಂದು ಸಲಕ್ಕೆ 30 ಮಿಲಿ ಸಾಕು, ಬಾಟಲಿಗೆ 15 ಸಲವಾದರೂ ಬರುತ್ತದೆ. ಒಟ್ಟು 645 ಸಲ. ಎರಡು ತಿಂಗಳಿಗೊಮ್ಮೆ ಎಂದರೆ 107 ವರ್ಷ! ಅಷ್ಟು ಕಾಲ ಕಾರೂ ಇರುವುದಿಲ್ಲ, ನಾನಂತೂ ಇರುವುದಿಲ್ಲ. ಈ ಲೆಕ್ಕವನ್ನು ಮಗನಿಗೆ ಫೋನಿನಲ್ಲಿ ಒಪ್ಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಊಟ ಆಯ್ತಾ?" ಎಂದ.

ಈಗ ಅಂಗಡಿಗೆ ಹೋದಿರಿ ಎನ್ನಿ. ಹತ್ತಾರು ಬಣ್ಣದ ಬಾಟಲಿಗಳು. ಗಾಬರಿಯಾಗಬೇಡಿ, ಇವುಗಳಲ್ಲಿ ಜಾತಿ ಮೂರೇ. ಮೊದಲನೆಯದು ಮೇಣ. ಒಳ್ಳೆಯ ಮೇಣ ಬರುವುದು ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಯಿಂದ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಣಸೀಮೆಯಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ತನ್ನ ನೀರು ಆರಿಹೋಗದಂತೆ ಆ ಮರ ಎಲೆಗೆ ಮೇಣ ಬಳಿದುಕೊಳ್ಳುತ್ತದೆ. (ನನ್ನ ಶಿಷ್ಯನಿಗೆ ಇದನ್ನು ಹೇಳಿದೆ. "ಹಾಗಾದ್ರೆ ದಿನಾ ಬ್ರೆಜಿಲ್ಲನ್ನೇ ಕೈಯಲ್ಲಿ ಹಿಡಿದಿರ್ತೀನಿ ಮಿಸ್" ಎಂದ.) ಹಚ್ಚಿದ ದಿನ ನೋಡಲು ಸೊಗಸು, ಆದರೆ ನಮ್ಮ ಬಿಸಿಲಿಗೆ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಎರಡನೆಯದು ಪಾಲಿಮರ್, ಸಿಲಿಕೋನ್ ಜಾತಿಯದು; ಒಂದೆರಡು ತಿಂಗಳಿಗೆ ಮೋಸವಿಲ್ಲ. ಮೂರನೆಯದು ಸಿಲಿಕಾ ಬೆರೆಸಿದ್ದು. ಬಾಟಲಿಯ ಮೇಲೆ 'ಸೆರಾಮಿಕ್ ಸ್ಪ್ರೇ' ಎಂದಿರುತ್ತದೆ. ಎರಡರಿಂದ ನಾಲ್ಕು ತಿಂಗಳು ಬಂದರೆ ಒಳ್ಳೆಯದೆಂದು ತಿಳಿಯಿರಿ. 'ಒಂದು ವರ್ಷ' ಎಂದು ಬರೆದಿದ್ದರೆ, ವರನ ಕಡೆಯವರು ಹೇಳುವ ಸಂಬಳದಂತೆ ಅರ್ಧ ಕಳೆದು ಲೆಕ್ಕ ಹಿಡಿಯಿರಿ. ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ನಾನು ಮೂರನೆಯದನ್ನೇ ಹೇಳುವುದು. ಶೆಡ್ಡಿನೊಳಗೆ ನಿಲ್ಲುವುದಕ್ಕೆ ಎರಡನೆಯದೂ ಸಾಕು.

ಟೆಫ್ಲಾನ್ ಎಂದು ಯಾರಾದರೂ ಇಂದಿಗೂ ಹೇಳಿದರೆ ನೀವು ಅಡುಗೆಮನೆಯವರು, ಮೋಸಹೋಗಬೇಡಿ. 1938ರಲ್ಲಿ ಅಮೆರಿಕದಲ್ಲಿ ರಾಯ್ ಪ್ಲಂಕೆಟ್ ಎಂಬಾತನಿಗೆ ಆಕಸ್ಮಿಕವಾಗಿ ಸಿಕ್ಕ ಈ ವಸ್ತು ಕರಗುವುದು 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ದೋಸೆ ಕಾವಲಿಗೆ ಅದು ಅಂಟಿ ಕೂರುವುದು ಕಾರ್ಖಾನೆಯ ಕುಲುಮೆಯಲ್ಲಿ ಅಷ್ಟು ಕಾಯಿಸುವುದರಿಂದ. ಕಾರನ್ನು ಹಾಗೆ ಕಾಯಿಸಿದರೆ ಬಣ್ಣವೂ ಉಳಿಯದು.

ಬಾಟಲಿಯನ್ನು ತಿರುಗಿಸಿ ಹಿಂಬದಿ ಓದುವುದು ನಮಗೆ ಅಭ್ಯಾಸವಾಗಬೇಕು. ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು, ಒಳಗಿರುವ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಇವಿಷ್ಟನ್ನು ಪೊಟ್ಟಣ ಸಾಮಗ್ರಿಗಳ 2011ರ ನಿಯಮದಂತೆ ಅಚ್ಚು ಹಾಕಲೇಬೇಕು. ವಿಳಾಸವಿಲ್ಲದ ಮದ್ದನ್ನು ನನ್ನ ಕಾರಿಗೆ ಹಚ್ಚಲಾರೆ. ಎರಡನೆಯದಾಗಿ, 'ಗೀರು ತೆಗೆಯುತ್ತದೆ', 'ಕಲೆ ತೆಗೆಯುತ್ತದೆ' ಎಂದಿದ್ದರೆ ಅದು ಬೇರೆ ಸಾಮಾನು. ಗೀರು ತೆಗೆಯುವುದೆಂದರೆ ಸುತ್ತಲಿನ ಕ್ಲಿಯರ್ ಕೋಟನ್ನೇ ತಿಕ್ಕಿ ಸವೆಸುವುದು, ಅದನ್ನು ಪ್ರತಿ ಭಾನುವಾರ ಮಾಡಿದರೆ ಕರ್ಣನ ಕವಚ ನಾವೇ ಕೊಯ್ದುಕೊಟ್ಟಂತೆ. ಒದ್ದೆ ಮೈಗೆ ಹೊಡೆಯಬೇಕೋ ಒರೆಸಿ ಒಣಗಿದ ಮೇಲೋ ಎಂಬುದನ್ನೂ ನೋಡಿಕೊಳ್ಳಿ, ಎರಡು ಬಗೆಯೂ ಇವೆ. ಹೊಸಬರಿಗೆ ಒಣ ಮೈಯದೇ ಸುಲಭ. ಕೊನೆಯದಾಗಿ, ಗ್ಯಾಸ್ ತುಂಬಿದ ಡಬ್ಬಿ ಬೇಡ, ಬೆರಳಿನಿಂದ ಒತ್ತುವ ಪಂಪಿನ ಬಾಟಲಿ ಇರಲಿ. ಕಾರಣ ಆಮೇಲೆ ಹೇಳುತ್ತೇನೆ.

ತೊಳೆಯುವ ಮಾತು. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮೂರುಗಳಲ್ಲಿ ದಂಡವಿಲ್ಲದೆಯೂ ಹೆಂಗಸರಿಗೆ ನೀರಿನ ಬೆಲೆ ಗೊತ್ತು. ಪೈಪು ಹಿಡಿದು ಅರ್ಧ ಗಂಟೆ ನೀರು ಬಿಡುವವರು ಕೊಡ ಹಿಡಿದು ನಿಂತವರಲ್ಲ. ಎರಡು ಬಕೆಟ್ ಸಾಕು. ಮೊದಲು ಚೊಂಬಿನಿಂದ ನೀರು ಹಾಕಿ ಧೂಳು ಇಳಿಸಬೇಕು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರಿ ನೀರು. ಬಟ್ಟೆ ಸೋಪಿನ ಪುಡಿ ಬೇಡ, ಪಾತ್ರೆ ತೊಳೆಯುವ ದ್ರವವೂ ಬೇಡ. ಬಾಣಲೆಯ ಜಿಡ್ಡು ತೆಗೆಯುವಂಥದ್ದು ಹಿಂದಿನ ಸಲ ಹಚ್ಚಿದ ಮೇಣವನ್ನು ಬಿಟ್ಟೀತೇ? ಮೇಲಿನಿಂದ ಕೆಳಕ್ಕೆ ಬನ್ನಿ. ಹಳೆಯ ಸೀರೆ, ಪಂಚೆಗಳ ತುಂಡು ನೆಲ ಒರೆಸಲಿರಲಿ. ಇದಕ್ಕೆ ಮೈಕ್ರೋಫೈಬರ್ ಬಟ್ಟೆ ಎರಡು ಕೊಂಡುಕೊಳ್ಳಿ.

ಬೋರ್‌ವೆಲ್ ನೀರಾದರೆ ಇನ್ನೊಂದು ಎಚ್ಚರ. ನಮ್ಮ ಕಡೆಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳಿರುತ್ತವೆ. ಸ್ಟೀಲ್ ಬಿಂದಿಗೆಯ ತಳದಲ್ಲಿ ಕಟ್ಟುವ ಬಿಳಿ ಕರೆ ಅದೇ. ಬಿಸಿಲಿನಲ್ಲಿ ಹನಿ ಹಾಗೇ ಆರಿದರೆ ಕಾರಿನ ಮೇಲೂ ಬಿಳಿ ಬಳೆಗಳು ಮೂಡುತ್ತವೆ. ಜಾಹೀರಾತಿನಲ್ಲಿ ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತಾಗಿ ಉರುಳುವುದನ್ನು ತೋರಿಸುತ್ತಾರಲ್ಲ, ನೋಡಲು ಚೆಂದ. ತಾವರೆ ಎಲೆಗೆ ಕೊಳೆ ಏಕೆ ಅಂಟುವುದಿಲ್ಲವೆಂದು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ವಿವರಿಸಿದ ಮೇಲೆ ಈ ಮುತ್ತಿನ ಮೋಹ ಇನ್ನಷ್ಟು ಬೆಳೆಯಿತು. ಆದರೆ ಮುತ್ತು ಉರುಳಿ ಹೋದರೆ ಸರಿ. ನಿಂತಲ್ಲೇ ಆರಿದರೆ ಪ್ರತಿ ಮುತ್ತೂ ಒಂದು ಕಲೆ. ಆದ್ದರಿಂದ ಸ್ಪ್ರೇ ಹಾಕಿದ್ದೇನೆಂದು ಒರೆಸದೆ ಬಿಡಬಾರದು. ನೆರಳಿನಲ್ಲಿ ತೊಳೆದು ಕೂಡಲೇ ಒರೆಸಿ.

ಹಚ್ಚುವುದು ದೋಸೆಗೆ ಎಣ್ಣೆ ಹಾಕಿದಷ್ಟು ಸುಲಭ. ಕಾರಿನ ಮೈ ಮುಟ್ಟಿದರೆ ತಣ್ಣಗಿರಬೇಕು. ಒಂದು ಬಾಗಿಲು, ಆಮೇಲೆ ಇನ್ನೊಂದು ಬಾಗಿಲು, ಹೀಗೆ ತುಂಡು ತುಂಡಾಗಿ. ಎರಡು ಸಲ ಒತ್ತಿದಷ್ಟು ಸಾಕು, ಬಟ್ಟೆಯ ಮೇಲೇ ಸಿಂಪಡಿಸಿಕೊಂಡರೆ ಇನ್ನೂ ಒಳ್ಳೆಯದು. ತೆಳುವಾಗಿ ಸವರಿ, ಇನ್ನೊಂದು ಒಣ ಬಟ್ಟೆಯಿಂದ ಒರೆಸಿಬಿಡಿ. ಗೆರೆಗೆರೆಯಾಗಿ ಕಂಡರೆ ಹೆಚ್ಚು ಹಾಕಿದ್ದೀರಿ ಎಂದರ್ಥ. ಮೊದಲ ಸಲ ಹಿಂಬಾಗಿಲಿನ ಮೂಲೆಯಲ್ಲಿ ಹಚ್ಚಿ ನೋಡಿ ಮುಂದುವರಿಯಿರಿ. ಮುಂದಿನ ಗಾಜಿಗೆ ತಾಗಬಾರದು, ಮಳೆಯಲ್ಲಿ ವೈಪರ್ ಆಡಿದಾಗ ಮಬ್ಬು ಕಟ್ಟೀತು. ಚಕ್ರದೊಳಗಿನ ಬ್ರೇಕ್ ತಟ್ಟೆಗೆ ತಾಗಲೇಬಾರದು, ಬ್ರೇಕ್ ಜಾರಿದರೆ ಪ್ರಾಣಕ್ಕೇ ಬಂತು. ಸ್ಟೀರಿಂಗ್, ಪೆಡಲ್, ಸ್ಕೂಟರಿನ ಸೀಟು ಇವಕ್ಕೂ ಬೇಡ. ಹೊಳೆಯಲಿ ಎಂದು ಒಬ್ಬರು ಸ್ಕೂಟರ್ ಸೀಟಿಗೆ ಹಚ್ಚಿ, ಹಿಂದೆ ಕುಳಿತ ಹೆಂಡತಿ ಮೊದಲ ಹಂಪಿಗೇ ಜಾರಿಬಿದ್ದದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಹಾಗೆಯೇ, ಬಣ್ಣದ ಮೇಲೆ ಏನು ಹಚ್ಚಿದರೂ ಅಡಿಭಾಗದ ತುಕ್ಕಿಗೆ ಅದು ಮದ್ದಲ್ಲ ಎಂಬುದನ್ನು ಸಮುದ್ರದ ಉಪ್ಪುಗಾಳಿಯ ಊರಿನವರು ನೆನಪಿಡಬೇಕು.

ಗ್ಯಾಸ್ ಡಬ್ಬಿ ಬೇಡವೆಂದೆನಲ್ಲ, ಆ ಕಾರಣಕ್ಕೆ ಬರುತ್ತೇನೆ. ಈ ಲೇಖನವನ್ನು ನಾನು ಬರೆಯಹೊರಟದ್ದೇ ಅದರಿಂದ.

ಒಂದು ಸಂಜೆ ನನ್ನ ಶಿಷ್ಯನಿಗೆ ಹಳೆಯ ಪುಸ್ತಕಗಳನ್ನು ಕೊಡಲೆಂದು ಅವನ ಅಂಗಡಿಗೆ ಹೋದೆ. ಫೇಲಾಗಿದ್ದ ಎಸೆಸೆಲ್ಸಿ ವಿಷಯಗಳನ್ನು ಮತ್ತೆ ಕಟ್ಟುತ್ತೇನೆಂದಿದ್ದ. ಧೂಳು ಬರಬಾರದೆಂದು ಕೋಣೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿತ್ತು. ಒಳಗೆ ಕಾಲಿಟ್ಟರೆ ಕಣ್ಣು ಉರಿಯಿತು, ಗಂಟಲು ಕಟ್ಟಿತು. ದ್ರಾವಕದ ವಾಸನೆ, ಸಿಂಪಡಿಸಿದ ಮಂಜು. ನಡುವೆ ದೊಡ್ಡದೊಂದು ಕಾರು ಮದುಮಗಳಂತೆ ಹೊಳೆಯುತ್ತ ನಿಂತಿತ್ತು. ಮೂವರು ಹುಡುಗರು ಬರಿಗೈಯಲ್ಲಿ ಅದರ ಮೈಯನ್ನು ಸವರುತ್ತಿದ್ದರು. ಒಬ್ಬ ಮೂಗಿಗೆ ಕರ್ಚೀಫು ಕಟ್ಟಿದ್ದ. ನನ್ನವನು ಅದನ್ನೂ ಕಟ್ಟಿರಲಿಲ್ಲ. ಬೆರಳ ತುದಿಗಳು ಬಿರಿದು ಚರ್ಮ ಸುಲಿದಿತ್ತು.

"ಕೆಮ್ಮು ಇದೆಯೇನೋ?" ಎಂದೆ.

"ರಾತ್ರಿ ಹೊತ್ತು ಬರುತ್ತೆ ಮಿಸ್. ಅಭ್ಯಾಸ ಆಗ್ಹೋಗಿದೆ."

ನೀರು ಹಿಡಿಯದಂತೆ ಮಾಡುವ ಇಂಥ ಸ್ಪ್ರೇಗಳ ಸೂಕ್ಷ್ಮ ಹನಿ ಉಸಿರಿನಲ್ಲಿ ಒಳಗಿಳಿದರೆ ಕೆಮ್ಮು, ಉಬ್ಬಸ, ಶ್ವಾಸಕೋಶಕ್ಕೆ ಹಾನಿ ಆಗಬಹುದೆಂಬುದು ವೈದ್ಯರಿಗೆ ಹೊಸ ವಿಷಯವಲ್ಲ. ಹನಿ ಸಣ್ಣದಾದಷ್ಟೂ ಆಳಕ್ಕೆ ಇಳಿಯುತ್ತದೆ. ಗ್ಯಾಸ್ ಡಬ್ಬಿಯ ಹನಿ ಪಂಪಿನದಕ್ಕಿಂತ ಸಣ್ಣ. ದ್ರಾವಕದ ಆವಿಗೆ ಕರ್ಚೀಫು ಯಾವ ತಡೆಯೂ ಅಲ್ಲ, ಬಟ್ಟೆಯ ಮಾಸ್ಕೂ ಅಲ್ಲ, ಇದ್ದಿಲಿನ ಸೋಸುಕ ಇರುವ ಮಾಸ್ಕ್ ಬೇಕು. ಕೈಗೆ ನೈಟ್ರೈಲ್ ಗವಸು ಬೇಕು. ಗಾಳಿ ಹೊರಗೆಳೆಯುವ ಫ್ಯಾನು ಬೇಕು. ಇವೆಲ್ಲಕ್ಕೂ ಸೇರಿ ಒಂದು ಕಾರಿನ ಕೋಟಿಂಗಿನ ಬೆಲೆಯಾಗದು. ಕಾರಿನ ಮೈಗೆ ಐದು ವರ್ಷದ ವಾರಂಟಿ ಕೊಡುವವರು ಅದನ್ನು ಹಚ್ಚುವ ಹುಡುಗನ ಎದೆಗೆ ಒಂದು ದಿನದ ವಾರಂಟಿಯನ್ನೂ ಕೊಡುವುದಿಲ್ಲ. ರಕ್ಷಣೆ, ರಕ್ಷಣೆ ಎಂದು ಹಾಳೆಯ ತುಂಬ ಅಚ್ಚಾಗಿದ್ದ ಶಬ್ದ ಅವತ್ತು ನನ್ನ ಕಣ್ಣಿಗೆ ಚುಚ್ಚಿತು. ನೀವು ಮಾಡಿಸಿಯೇ ತೀರುವಿರಾದರೆ ಮಾಡಿಸಿ. ಆದರೆ ಬಣ್ಣ ಎಷ್ಟು ವರ್ಷ ಬರುತ್ತದೆ ಎಂದು ಕೇಳುವ ಮೊದಲು, ನಿಮ್ಮ ಹುಡುಗರಿಗೆ ಮಾಸ್ಕ್ ಎಲ್ಲಿದೆ ಎಂದು ಕೇಳಿ. ಮುಚ್ಚಿದ ಬಾಗಿಲನ್ನು ತೆಗೆಸಿ ಒಳಗೆ ನೋಡಿ. 'ಸರ್'ಗಳು ಕೇಳುವುದಿಲ್ಲ, ನಾವಾದರೂ ಕೇಳೋಣ. ಅಂಗಡಿಯ ಮಾಲೀಕನನ್ನು ನಾನು ಕೇಳಿದೆ. "ಕೊಟ್ರೂ ಹಾಕ್ಕೊಳ್ಳಲ್ಲ ಮೇಡಂ, ಸೆಕೆ ಅಂತಾರೆ" ಎಂದ. ಕೊಟ್ಟದ್ದನ್ನು ತೋರಿಸು ಎಂದರೆ ತೋರಿಸಲು ಒಂದೂ ಇರಲಿಲ್ಲ.

ಮನೆಯಲ್ಲಿ ಹಚ್ಚುವಾಗಲೂ ಇದೇ ಮಾತು. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಗವಸು ಹಾಕಿಕೊಂಡು ಹಚ್ಚಿ. ಮೊಮ್ಮಕ್ಕಳು ದೂರವಿರಲಿ. ಉಬ್ಬಸ ಇರುವವರು ಆ ಕೆಲಸಕ್ಕೆ ಹೋಗುವುದೇ ಬೇಡ. ಕಾರು ತೊಳೆಯಲು ಹುಡುಗನೋ ಹೆಂಗಸೋ ಬರುತ್ತಿದ್ದರೆ, ಬಾಟಲಿಯ ಜೊತೆಗೇ ಗವಸನ್ನೂ ಅವರ ಕೈಗೆ ಕೊಡಿ.

ಅಂತೂ ನಾನು ಸಿಲಿಕಾ ಬೆರೆಸಿದ ಪಂಪಿನ ಬಾಟಲಿಯೊಂದನ್ನು ಕೊಂಡೆ. ಅಂಗಡಿಯವನು, "ಸರ್‌ಗೆ ತೋರಿಸಿ ತಗೊಳ್ಳಿ ಮೇಡಂ" ಎಂದ. "ಸರ್‌ಗೆ ಕನ್ನಡಕ ಹಾಕಿದ್ರೂ ಸಣ್ಣಕ್ಷರ ಕಾಣಲ್ಲಪ್ಪ" ಎಂದೆ. ಮೊದಲ ಉಚಿತ ಸರ್ವಿಸಿಗೆ ಹೋದಾಗ ಟೈ ಕಟ್ಟಿದ ಹುಡುಗ ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಬೆರಳಾಡಿಸಿ, "ಹೊರಗಡೆ ಎಲ್ಲೋ ಸೆರಾಮಿಕ್ ಮಾಡಿಸಿದೀರಿ, ನಮ್ಮಲ್ಲೇ ಮಾಡಿಸಬಹುದಿತ್ತು" ಎಂದು ಮುನಿಸು ತೋರಿದ. ನಾನು ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ.

ಅಡುಗೆಮನೆಯ ಕಟ್ಟೆ ಈ ಬೇಸಿಗೆ ರಜೆಯಲ್ಲಿ ನಾಲ್ಕು ಅಂಗುಲ ಎತ್ತರವಾಯಿತು. ಗಾರೆಯವನ ಕೂಲಿ, ಕಡಪ ಕಲ್ಲು ಎಲ್ಲ ಸೇರಿ 24,300 ರೂಪಾಯಿ. ಉಳಿದದ್ದರಲ್ಲಿ ಮೂರು ಮಾಸ್ಕ್, ಒಂದು ಪೆಟ್ಟಿಗೆ ಗವಸು ತಂದು ಹೆದ್ದಾರಿ ಪಕ್ಕದ ಅಂಗಡಿಗೆ ಕೊಟ್ಟುಬಂದೆ. ಕಾರನ್ನು ಭಾನುವಾರ ನಾನೇ ತೊಳೆಯುತ್ತೇನೆ. ನಮ್ಮ ಮನೆಯವರು ಚೊಂಬಿನಲ್ಲಿ ನೀರು ಹಾಕುತ್ತಾರೆ. ಅವರ ಜುಂಗಿನ ಡಸ್ಟರನ್ನು ನಾನು ಅಟ್ಟದ ಮೇಲೆ, ಹಿತ್ತಾಳೆ ಹಂಡೆಯೊಳಗೆ ಇಟ್ಟು ಮುಚ್ಚಳ ಹಾಕಿದ್ದೇನೆ. ಕೆಲಸದವಳು ಕದ್ದಳೇನೋ ಎಂದು ಒಮ್ಮೆ ಗೊಣಗಿದರು. ಇಲ್ಲ, ಬೆಕ್ಕು ಎಳೆದುಕೊಂಡು ಹೋಯಿತು ಎಂದೆ.